ಕರಿಯನ ಊಟದ ಪೈಪು

ನಮ್ಮನೆ ಕರಿಯ ಲ್ಯಾಬ್ರಡಾರ್. ಕಪ್ಪಗಿದ್ದಾನೆ ಅಂತ ಕರಿಯ, ಹೆಸರಿಡೋದ್ರಲ್ಲಿ ನಾವು ಅಷ್ಟೇ ತಲೆ ಖರ್ಚು ಮಾಡಿದ್ದು. ಕೊಟ್ಟಿಗೆ ಪಕ್ಕ ಕಬ್ಬಿಣದ ಮೆಶ್ ಹೊಡೆಸಿ ಮೇಲೆ ಶೀಟ್ ಹಾಕಿ ಅವನಿಗೆ ಗೂಡು ಮಾಡ್ಸಿದೀವಿ, ಕತ್ತಲಾಗ್ತಿದ್ದ ಹಾಗೆ ಒಳಗೆ ಹಾಕಿ ಚಿಲಕ ಜಡೀಲೇಬೇಕು, ಯಾಕಂದ್ರೆ ಆಗುಂಬೆ ಕಡೆ ಚಿರತೆಗೆ ಸಾಕು ನಾಯಿ ಅಂದ್ರೆ ನಮಗೆ ಮಳೇಲಿ ಬಿಸಿ ಬೋಂಡ ಇದ್ದ ಹಾಗೆ. ಇವನ ಹಿಂದೆ ಇದ್ದ ರಾಜನ್ನ ಜಗಲಿ ಮೇಲಿಂದಾನೇ ಎತ್ಕೊಂಡು ಹೋಗಿತ್ತು.

ಸಮಸ್ಯೆ ಶುರುವಾಗೋದು ಮದುವೆ ಸೀಸನ್ನಲ್ಲಿ. ಎಲ್ಲಿಗೇ ಹೋದ್ರೂ ಒಬ್ಬರು "ನಾಯಿಗೆ ಅನ್ನ ಹಾಕ್ಬೇಕು" ಅಂತ ವಾಪಸ್ ಓಡಿ ಬರ್ಬೇಕು, ಆ ಒಬ್ಬರು ಯಾವಾಗ್ಲೂ ನಾನೇ. ಹೋದ ವರ್ಷ ಒಂದು ಮದುವೇಲಿ ಪಾಯಸ ಬರೋ ಮೊದಲೇ ಪಂಕ್ತಿಯಿಂದ ಎದ್ದೆ ಅಂತ ಹುಡುಗನ ಸೋದರಮಾವ ನನ್ನ ಹತ್ರ ಮಾತು ಬಿಟ್ಟಿದಾರೆ, ಇನ್ನೂ ಆಡ್ತಿಲ್ಲ.

ಆ ಬೇಜಾರಲ್ಲಿ ರಾತ್ರಿ ಮೊಬೈಲ್ ನೋಡ್ತಾ ಇದ್ದಾಗ ಸೆಲ್ಫ್ ಫೀಡರ್ ವಿಡಿಯೋ ಬಂತು. ಅಮೆರಿಕದಲ್ಲಿ ಯಾರೋ ಒಬ್ಬ, ಹೊರಗಡೆ ಗೂಡು, ಅದರ ಗೋಡೆಗೆ ಒಂದು ಡಬ್ಬ, ಒಂದ್ಸಲ ತುಂಬಿದ್ರೆ ವಾರ ಅತ್ತ ನೋಡೋ ಹಾಗಿಲ್ಲ. ನಾಯಿ ಬಂದು ನಾಕು ಕಾಳು ತಿಂದು, ಸಾಕಪ್ಪ ಅಂತ ಹೋಗಿ ಮಲಗ್ತು. ಅಲ್ಲೇ ನನಗೆ ಡೌಟ್ ಬರ್ಬೇಕಿತ್ತು, ಅದು ಲ್ಯಾಬ್ ಆಗಿರ್ಲಿಲ್ಲ.

ಕೊಳ್ಳೋದ್ಯಾಕೆ, ಬಾತ್‌ರೂಮ್ ಕಟ್ಟಿಸಿದಾಗ ಉಳಿದ 4 ಇಂಚಿನ ಪಿವಿಸಿ ಪೈಪಿತ್ತು. ಐದಡಿ ಕೊಯ್ದು ಕೆಳಗೆ ಒಂದು ಎಲ್ಬೋ, ಮೇಲೆ ಒಂದು ಕ್ಯಾಪ್, ಮೆಶ್‌ಗೆ ಬಿಗಿದು ಕಟ್ಟಿದೆ. ಕೆಳಗಿನ ಬಾಯಲ್ಲಿ ತಿಂದಷ್ಟು ಮೇಲಿಂದ ಜಾರಿ ಬೀಳತ್ತೆ, ಕರೆಂಟಿಲ್ಲ ಏನಿಲ್ಲ, ಎಲ್ಲ ಗುರುತ್ವಾಕರ್ಷಣೆ. ಅಮ್ಮ ಹಿತ್ತಲಿಂದ ಬಂದು ಸ್ವಲ್ಪ ಹೊತ್ತು ನೋಡಿ, "ಎಂತದಾ ಅದು, ಕಕ್ಕಸಿನ ಪೈಪಲ್ಲಿ ಊಟ ಹಾಕ್ತೀಯನಾ ಅದಕ್ಕೆ?" ಅಂದ್ರು. ಹೊಸಾ ಪೈಪು ಅಮ್ಮಾ ಅಂದೆ. "ಹೊಸ ಕಕ್ಕಸಿನ ಪೈಪು" ಅಂತ ತಿದ್ದಿ ಒಳಗೆ ಹೋದ್ರು.

ಮೊದಲ ದಿನ ಐದು ಕೆಜಿ ಡಾಗ್ ಫುಡ್ ಸುರಿದು ನಾನು ನೆಮ್ಮದಿಯಾಗಿ ತೋಟಕ್ಕೆ ಹೋದೆ. ಕರಿಯ ಪೈಪಿನ ಮುಂದೆ ಮೊದಲು ನಿಂತ್ಕೊಂಡು ತಿಂದ, ಆಮೇಲೆ ಕೂತ್ಕೊಂಡು ತಿಂದ, ಕೊನೆಗೆ ಮೂತಿ ಮಾತ್ರ ಒಳಗಿಟ್ಟು ಮಲ್ಕೊಂಡು ತಿಂದ ಅಂತ ಆಮೇಲೆ ನನ್ನ ಹೆಂಡತಿ ವರದಿ ಕೊಟ್ಳು. ಪಾಪ ಅವನ ಜನ್ಮದಲ್ಲಿ ಮೊದಲನೇ ಸಲ ಊಟ ಖಾಲಿಯಾಗ್ತಾ ಇಲ್ಲ, ಹೇಗೆ ಬಿಡ್ತಾನೆ? ನಾನು ಬರೋ ಹೊತ್ತಿಗೆ ಹೊಟ್ಟೆ ಮೃದಂಗ ಆಗಿ ನಾಕು ಕಾಲೂ ಒಂದೊಂದು ದಿಕ್ಕಿಗೆ ಹೋಗಿತ್ತು. ಡಾಕ್ಟರ್ ಫೋನಲ್ಲೇ ಬೈದ್ರು, ಅವನ ಗಾತ್ರಕ್ಕೆ ದಿನಕ್ಕೆ 400 ಗ್ರಾಂ ಹೆಚ್ಚು, ನೀವು ಗೋದಾಮೇ ಕೊಟ್ಟಿದೀರಲ್ರೀ, ಹೊಟ್ಟೆ ತಿರುಚಿಕೊಂಡ್ರೆ ಜೀವ ಹೋಗತ್ತೆ ಅಂತ. ಅವತ್ತು ರಾತ್ರಿಯೆಲ್ಲ ಕಾವಲು ಕೂತೆ. ಹಾಗೆ ಕೂತಾಗ ಓದಿದ್ದು, 2016ರಲ್ಲಿ ಕೇಂಬ್ರಿಡ್ಜ್‌ನವರು ಪತ್ತೆ ಮಾಡಿದಾರೆ, ಹೆಚ್ಚುಕಮ್ಮಿ ನಾಕು ಲ್ಯಾಬ್‌ನಲ್ಲಿ ಒಂದಕ್ಕೆ ಪಿಒಎಂಸಿ ಅನ್ನೋ ಜೀನ್‌ನಲ್ಲೇ ಒಂದು ತುಂಡು ಬಿಟ್ಟು ಹೋಗಿರತ್ತಂತೆ, ಅಂಥವಕ್ಕೆ ಊಟದ ಮೇಲೆ ಆಸೆ ಜಾಸ್ತಿ, ಮೈಯೂ ಜಾಸ್ತಿ. ನಮ್ಮ ಕರಿಯನ್ನ ಯಾರೂ ಟೆಸ್ಟ್ ಮಾಡಿಲ್ಲ, ಮಾಡೋ ಅಗತ್ಯವೂ ಇಲ್ಲ.

ಮಾರನೇ ದಿನ ದಿನಾ ಅಳೆದು ಹಾಕೋಣ ಅಂದೆ. "ದಿನಾ ಅಳೆದು ಹಾಕೋದಾದ್ರೆ ಅದರಲ್ಲಿ ಸೆಲ್ಫ್ ಎಲ್ಲಿ ಬಂತ್ರೀ?" ಅಂದ್ಳು ಇವಳು. ಆ ಮಾತು ನಾಟಿ, ಎಲ್ಬೋ ಬಾಯಿಗೆ ತಗಡು ಹೊಡೆದು ಸಣ್ಣ ಕಿಂಡಿ ಮಾತ್ರ ಬಿಟ್ಟೆ, ನಾಲಿಗೆ ತೂರಿಸಿ ಒಂದೊಂದೇ ಕಾಳು ಎಳ್ಕೊಬೇಕು. ಪೈಪಿನ ಪಕ್ಕ ಉದ್ದಕ್ಕೆ ಸೀಳಿ ಒಂದು ಪ್ಲಾಸ್ಟಿಕ್ ಕೂರಿಸಿ ಮಾರ್ಕರಲ್ಲಿ ಗೀಟು ಹಾಕ್ದೆ, ಒಂದು ಗೀಟಿಗೆ ಒಂದು ದಿನ. ನಂಬ್ತೀರೋ ಇಲ್ವೋ, ಲೆಕ್ಕ ಸರಿ ಬಂತು. ಮನೆಗೆ ಬಂದೋರಿಗೆಲ್ಲ ಕಾಫಿಗಿಂತ ಮೊದಲು ಗೀಟು ತೋರಿಸ್ತಿದ್ದೆ.

ಆಮೇಲೆ ಜೂನ್ ಬಂತು. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯೋ ಸೀಮೆಯಿದು, ಅದೂ ಮೇಲಿಂದ ಬಂದ್ರೆ ಶೀಟ್ ತಡೀತಿತ್ತು, ನಮ್ಮಲ್ಲಿ ಮಳೆ ಅಡ್ಡ ಬರತ್ತೆ. ಒಳಗಿನ ಕಾಳೆಲ್ಲ ಊದ್ಕೊಂಡು ಗಂಜಿಯಾಗಿ ಗಂಜಿ ಗಟ್ಟಿಯಾಗಿ ಪೈಪು ಕಟ್ಕೊಳ್ತು, ದೋಟಿಯ ಹಿಂಬದಿ ತೂರಿಸಿ ಕುಟ್ಟಿದ್ರೆ ಬೂಸಲು ಹಿಡಿದ ಕಡುಬಿನ ಥರದ್ದು ಒಂದು ಧೊಪ್ ಅಂತ ಬಿತ್ತು. ಬೂಸಲು ಬಂದ ಆಹಾರ ನಾಯಿ ಲಿವರಿಗೆ ವಿಷ, ಅಷ್ಟನ್ನೂ ಗುಂಡಿ ತೋಡಿ ಹುಗಿದೆ. ಅಡಿಕೆ ಹಾಳೆ ಬಗ್ಗಿಸಿ ಪೈಪಿಗೆ ಟೋಪಿ ಕಟ್ಟಿದೆ, ನೋಡೋಕೆ ಯಕ್ಷಗಾನದ ಹಾಸ್ಯಗಾರನ ಹಾಗೆ ಕಾಣ್ತಿತ್ತು. ಆಮೇಲೆ ಇರುವೆ. ಆಮೇಲೆ ಕೋಳಿಗಳು, ಮೆಶ್ ಹೊರಗೆ ಉದುರಿದ್ದನ್ನ ಹೆಕ್ಕೋಕೆ ಬೆಳಗ್ಗೆ ಐದಕ್ಕೇ ಕ್ಯೂ. ಮಂಗ ಕ್ಯಾಪ್ ಕಿತ್ಕೊಂಡು ಹೋಯ್ತು, ಡಾಗ್ ಫುಡ್ ಮೂಸಿ ಮುಖ ಸಿಂಡರಿಸಿ ಬಿಟ್ಟು ಬರೀ ಕ್ಯಾಪ್ ತಗೊಂಡು ಹೋಯ್ತು, ಅದಕ್ಕೆ ಯಾಕೆ ಬೇಕಿತ್ತೋ. ಆದ್ರೂ ಗೀಟು ದಿನಾ ಒಂದೊಂದೇ ಇಳೀತಾ ಇತ್ತಲ್ಲ, ನಾನು ಖುಷಿಯಾಗೇ ಇದ್ದೆ.

ಆಗಸ್ಟಲ್ಲಿ ಒಂದು ಬೆಳಗ್ಗೆ ಅಮ್ಮ, "ಕರಿಯ ಎಂತದೂ ತಿಂತಾ ಇಲ್ಲ ಕಣಾ" ಅಂದ್ರು. ನಾನು ಎದ್ದೂ ನೋಡ್ಲಿಲ್ಲ, ಗೀಟು ಇಳಿದಿದೆ ನೋಡಮ್ಮಾ ಅಂದೆ. "ಗೀಟು ನೋಡ್ಬೇಡ, ನಾಯಿ ಮುಖ ನೋಡು ಹೋಗು."

ಹೋಗಿ ನೋಡಿದ್ರೆ ಗೂಡಿನ ಮೂಲೇಲಿ ಒಂದು ದೋಸೆ ಬಿದ್ದಿತ್ತು, ಕಾವಲಿಗೆ ಅಂಟಿ ಹರಿದ ಮೊದಲನೇ ದೋಸೆ, ಅಂಚು ಮಾತ್ರ ಗರಿಗರಿ, ಅದರ ಮೇಲೆ ಇರುವೆ ಸಾಲು. ಪಕ್ಕದಲ್ಲೇ ಕರಿಯ ಮಲಗಿದಾನೆ, ಬಾಲ ಎರಡು ಸಲ ಅಲ್ಲಾಡಿಸಿದ, ಏಳಲಿಲ್ಲ. ಅಂದ್ರೆ ಇಷ್ಟು ದಿನ ನಾನು ಗ್ರಾಂ ಲೆಕ್ಕ ಹಾಕ್ತಾ ಇದ್ರೆ ಅಮ್ಮ ದಿನಾ ಬೆಳಗ್ಗೆ ಕದ್ದು ದೋಸೆ ಹಾಕ್ತಾ ಇದ್ರು. ಬೈಯೋ ಹೊತ್ತಲ್ಲ ಅದು, ಜೀಪಿಗೆ ಹಾಕ್ಕೊಂಡು ತೀರ್ಥಹಳ್ಳಿಗೆ ಹೊರಟ್ವಿ.

ಡಾಕ್ಟರ್ ವಸಡು ಎತ್ತಿ ನೋಡಿದ್ರು, ಬಿಳಿಚಿಕೊಂಡಿತ್ತು. "ಊಟ ಬಿಟ್ಟು ಎಷ್ಟು ದಿನ ಆಯ್ತು?" ನಾನು ಮೊಬೈಲ್ ತೆಗೆದು ಗೀಟಿನ ಫೋಟೋ ಹುಡುಕ್ತಾ ಇದ್ದೆ. ಹಿಂದಿಂದ ಅಮ್ಮ, "ಸೋಮವಾರದ ದೋಸೆ ಪೂರ್ತಿ ತಿಂದ, ಮಂಗಳವಾರದ್ದು ಅರ್ಧ ಬಿಟ್ಟ, ನಿನ್ನೆ ಮೂಸಿ ಬಿಟ್ಟ, ಇವತ್ತು ಮೂಸಲೂ ಇಲ್ಲ" ಅಂದ್ರು. ಡಾಕ್ಟರ್ ಅದನ್ನೇ ಚೀಟೀಲಿ ಬರ್ಕೊಂಡ್ರು. ರಕ್ತ ನೋಡಿದ್ರೆ ಪ್ಲೇಟ್‌ಲೆಟ್ ಇಳಿದಿತ್ತು, ಉಣುಗಿನಿಂದ ಬರೋ ಜ್ವರ. (ಉಣುಗು ಅಂದ ತಕ್ಷಣ ನಮ್ಮ ಕಡೆಯವರಿಗೆ ಮಂಗನ ಕಾಯಿಲೆ ನೆನಪಾಗಿ ಎದೆ ಧಸಕ್ ಅನ್ನತ್ತೆ, ಇದು ಬೇರೆ, ನಾಯಿಗಳದ್ದು.) ಡಾಕ್ಸಿಸೈಕ್ಲಿನ್, 28 ದಿನ, ಒಂದು ದಿನಾನೂ ತಪ್ಪಿಸಬಾರದು.

ಹಾಗಾದ್ರೆ ಗೀಟು ಇಳಿಸಿದ್ದು ಯಾರು? ಅವತ್ತು ರಾತ್ರಿ ಟಾರ್ಚ್ ಹಿಡ್ಕೊಂಡು ಹೋದೆ. ಹೆಗ್ಗಣ. ಒಂದು ಎಲ್ಬೋ ಒಳಗೆ, ಬಾಲ ಮಾತ್ರ ಕಿಂಡಿಯಿಂದ ಹೊರಗೆ, ಇನ್ನೊಂದು ಕೆಳಗೆ ತನ್ನ ಸರದಿ ಕಾಯ್ತಾ ಕೂತಿದೆ. ನಾನು ಮಾಡಿದ ಕಿಂಡಿ ಅದರ ಸೊಂಟಕ್ಕೆ ಅಳತೆ ತಗೊಂಡು ಮಾಡಿದ ಹಾಗಿತ್ತು. ಹೆಗ್ಗಣದ ಉಚ್ಚೆಯಿಂದ ನಾಯಿಗೂ ಮನುಷ್ಯರಿಗೂ ಇಲಿಜ್ವರ ಬರತ್ತೆ ಅಂತ ಗೊತ್ತಿದ್ದಿದ್ರಿಂದ ಬೆಳಗಾಗೋದನ್ನೂ ಕಾಯದೆ ಪೈಪ್ ಕಿತ್ತು ಗದ್ದೆ ಕಡೆ ಎಸೆದೆ. ಒಣ ಹವೆ ಇರೋ ಊರಲ್ಲಿ, ಹೊಟ್ಟೆ ತುಂಬಿದಾಗ ನಿಲ್ಲಿಸೋ ಬುದ್ಧಿ ಇರೋ ನಾಯಿಗೆ ಅದು ಸರಿಯೇ ಇರಬಹುದು, ನಾನು ಬೇಡ ಅನ್ನಲ್ಲ.

ಮಾತ್ರೆ ತಿನ್ನಿಸೋ ಜವಾಬ್ದಾರಿ ಅಮ್ಮ ತಗೊಂಡ್ರು. ಎರಡನೇ ದೋಸೆ, ಹರೀದೆ ದುಂಡಗೆ ಎದ್ದು ಬರೋದು, ಅದರ ನಡುವೆ ಮಾತ್ರೆ ಇಟ್ಟು ಮಡಚಿ ಕೊಟ್ರೆ ಒಂದೇ ಗುಕ್ಕು. 28 ದಿನ ಮುಗಿದು ತಿಂಗಳಾಯ್ತು, ಮಾತ್ರೆ ನಿಂತಿದೆ, ದೋಸೆ ನಿಂತಿಲ್ಲ. ಕಾವಲಿಗೆ ಅಂಟಿ ಹರಿದ ಮೊದಲನೇ ದೋಸೆ ಈಗ ನನ್ನ ತಟ್ಟೆಗೆ ಬೀಳತ್ತೆ.