ಕಣ ಕೊಡಿ, ಕತ್ತರಿ ಮುಟ್ಟಬೇಡಿ

ರವಿಕೆ ಕಣ ಕೊಡುವುದು ರವಿಕೆ ಹೊಲಿಸಿಕೊಳ್ಳಲಿಕ್ಕೆ ಎಂದು ಇನ್ನೂ ನಂಬಿಕೊಂಡವರು ಶಿವಮೊಗ್ಗ ಜಿಲ್ಲೆಯಲ್ಲಿ ಯಾರಾದರೂ ಉಳಿದಿದ್ದರೆ ಅವರು ಗಂಡಸರೇ ಇರಬೇಕು. ಹೆಂಗಸರಿಗೆ ಗೊತ್ತು, ಕಣ ಕೊಡುವುದು ಮುಂದಕ್ಕೆ ಕೊಡಲಿಕ್ಕೆ. ಗೌರಿ ಹಬ್ಬದ ಮೊರದ ಬಾಗಿನದಲ್ಲಿ ತೀರ್ಥಹಳ್ಳಿ ಬಿಟ್ಟ ಹಸಿರು ಕಣ ನವರಾತ್ರಿಯ ಬೊಂಬೆ ಆರತಿಗೆ ಸಾಗರ ಸೇರುತ್ತದೆ. ದೀಪಾವಳಿಗೆ ಹೊಸನಗರದ ನಾದಿನಿಯ ಮನೆ ನೋಡುತ್ತದೆ. ತುಳಸಿ ಹಬ್ಬ, ಯಾರದೋ ಗೃಹಪ್ರವೇಶ, ಇನ್ಯಾರದೋ ಸೀಮಂತ ಎಲ್ಲ ಮುಗಿಸಿ ಮುಂದಿನ ಭಾದ್ರಪದದ ತದಿಗೆಗೆ ಸರಿಯಾಗಿ ತೀರ್ಥಹಳ್ಳಿಯ ಅದೇ ಬೀರುವಿಗೆ ಬಂದು ಮಲಗುತ್ತದೆ. ಮಡಿಕೆ ಬಿಚ್ಚಿರುವುದಿಲ್ಲ. ಕವರಿನ ಒಂದು ಮೂಲೆ ಹರಿದಿರುತ್ತದೆ, ಅಷ್ಟೆ.

ಈ ಚಲಾವಣೆಗೆ ಕಟ್ಟುನಿಟ್ಟಿನ ಶಿಸ್ತಿದೆ. ಕೊಟ್ಟವಳಿಗೇ ತಿರುಗಿ ಕೊಡಬಾರದು. ಕೊಟ್ಟವಳ ಅಕ್ಕ ಕೂತಿರುವಾಗ ಬೇರೆಯವರಿಗೂ ಕೊಡಬಾರದು. ಜಾಣೆಯರು ಒಳಗಿನ ರಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಬಂದ ಮನೆಯ ಹೆಸರು ಬರೆದಿಡುತ್ತಾರೆ, ಅತಿ ಜಾಣೆಯರು ಕೊಡುವ ಮೊದಲು ಅಳಿಸುತ್ತಾರೆ. ದೊಡ್ಡ ಅಪಾಯವೆಂದರೆ ಅರಿಶಿನದ ಬೆರಳಚ್ಚು. ಸೋಪು ತಾಗಿದರೆ ಅರಿಶಿನದ ಕಲೆ ಕೆಂಪಗಾಗಿ ಇನ್ನಷ್ಟು ಎದ್ದು ಕಾಣುತ್ತದೆ. ಅದು ಮಾಸಬೇಕಾದರೆ ಬಿಸಿಲು ಬೇಕು, ಭಾದ್ರಪದದ ಮಲೆನಾಡಿನಲ್ಲಿ ಬಿಸಿಲು ಎಂತದು ಮಾರಾಯ್ತಿ?

ಇಷ್ಟು ಓಡಾಡುವ ಬಟ್ಟೆ ದರ್ಜಿಯ ಮೇಜಿಗೆ ಮಾತ್ರ ಯಾಕೆ ಬರುವುದಿಲ್ಲ ಎಂದರೆ, ಬಂದರೆ ಮರ್ಯಾದೆ ಹೋಗುತ್ತದೆ. ಕಣದ ಮೇಲೆ 80 ಸೆಂ.ಮೀ. ಎಂದು ಅಚ್ಚಾಗಿರುತ್ತದೆ. 36 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ನಿಜವಾಗಿ 80 ಸೆಂ.ಮೀ. ಇದ್ದರೆ 34ರ ಎದೆ ಸುತ್ತಳತೆಗೆ, ಗಿಡ್ಡ ತೋಳಿಗೆ, ಸಾದಾ ಕಟ್ಟಿಂಗಿಗೆ ಹೇಗೋ ಹೊಂದಿಸಬಹುದು. 40ರ ಅಳತೆ, ಮೊಣಕೈವರೆಗೆ ತೋಳು ಎಂದರೆ ಕನಿಷ್ಠ 1 ಮೀಟರ್ ಬೇಕು. ಮುಂಭಾಗ ಕ್ರಾಸ್ ಕಟ್ ಆದರಂತೂ ಬಟ್ಟೆಯನ್ನು ಓರೆಗೆ ಮಡಿಸಿ ಕತ್ತರಿಸಬೇಕು, ಮೂಲೆಗಳೆಲ್ಲ ದಂಡ. ಕೊಟ್ಟ ಕಣವೋ, ತಾನಿನಿಂದ ಸೊಟ್ಟಗೆ ಕತ್ತರಿಸಿದ್ದು. ದರ್ಜಿ ಒಂದು ಅಡ್ಡ ಎಳೆ ಎಳೆದು ನೇರ ನೋಡಿದರೆ ಒಂದು ಬದಿ 80, ಇನ್ನೊಂದು ಬದಿ 74. ಲೆಕ್ಕಕ್ಕೆ ಬರುವುದು ಗಿಡ್ಡ ಬದಿ. ಆಮೇಲೆ ತೋಳಿಗೆ ಕಂಕುಳ ಹತ್ತಿರ ಜೋಡು ಬೀಳುತ್ತದೆ, ಕತ್ತಿನಿಂದ ತೆಗೆದ ತುಂಡಿನಲ್ಲೇ ಹುಕ್ ಪಟ್ಟಿ ಹುಟ್ಟಬೇಕಾಗುತ್ತದೆ. ಬೆನ್ನು ಇಷ್ಟು ಡೀಪ್ ಯಾಕೆ ಎಂದು ಅತ್ತೆ ಕೇಳಿದರೆ ಫ್ಯಾಷನ್ ಎನ್ನುವುದು ಸೊಸೆಯ ದೊಡ್ಡತನ.

ಇನ್ನು ಬಟ್ಟೆಯ ಜಾತಿ. ಕವರಿನ ಮೇಲೆ 2 ಬೈ 2 ರೂಬಿಯಾ ಎಂದಿರುತ್ತದೆ. ಹಾಸಿಗೂ ಹೊಕ್ಕಿಗೂ ಎರಡೆಳೆ ಹುರಿ ಮಾಡಿದ ನೂಲು ಹಾಕಿದ ಹತ್ತಿ ಬಟ್ಟೆ ಎಂದು ಅದರ ಅರ್ಥವಾಗಬೇಕು. ನಿಜವೋ ಸುಳ್ಳೋ ತಿಳಿಯಲು ಅಂಚಿನಿಂದ ನಾಲ್ಕು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕುಗ್ಗಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಈ ಪರೀಕ್ಷೆಯನ್ನು ಬಾಗಿನ ಕೊಟ್ಟವರು ಹೊರಟ ಮೇಲೆ ಮಾಡುವುದು ಒಳ್ಳೆಯದು.

ಅಪ್ಪಟ ಹತ್ತಿಯೇ ಬಂದರೂ ಹಿಗ್ಗಬೇಡಿ. ಅಗ್ಗದ ಕಣದ ಗಟ್ಟಿತನ ಎಳೆಯದ್ದಲ್ಲ, ಗಂಜಿಯದ್ದು. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಹಿಂಡಿದರೆ ಗಂಜಿ ಬಿಟ್ಟು ಸೊಳ್ಳೆ ಪರದೆಯಂಥದ್ದೊಂದು ಕೈಗೆ ಬರುತ್ತದೆ. ಬಣ್ಣ ನಿಲ್ಲಲಿ ಎಂದು ಉಪ್ಪು ನೀರಿಗೆ ಹಾಕುವ ಪದ್ಧತಿ ಊರಿಗೆಲ್ಲ ಇದೆ. ಉಪ್ಪು ಕೆಲಸ ಮಾಡುವುದು ಬಣ್ಣ ಹಾಕುವ ಬಾನಿಯಲ್ಲಿ. ಬಣ್ಣ ಹಾಕಿ, ಮಡಿಸಿ, ಮಾರಿ, ಏಳು ಮನೆ ತಿರುಗಿದ ಮೇಲಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಕಣವನ್ನು ರವಿಕೆ ಮಾಡಿ ಸೆಖೆಯಲ್ಲಿ ತೊಟ್ಟವಳ ಕಂಕುಳಿಗೂ ಹತ್ತುತ್ತದೆ.

ಬೀರುವಿನಲ್ಲಿ ಸುಮ್ಮನೆ ಇಟ್ಟರೂ ಕಣ ಸುಮ್ಮನಿರುವುದಿಲ್ಲ. ಅಂಗಡಿಯವರು ಮಡಿಕೆ ನಿಲ್ಲಲಿ ಎಂದು ಸ್ಟೇಪಲ್ ಹೊಡೆದಿರುತ್ತಾರೆ. ಮಲೆನಾಡಿನ ಒಂದು ಮಳೆಗಾಲ ಸಾಕು, ಪಿನ್ನು ತುಕ್ಕು ಹಿಡಿದು ಎರಡು ಕಂದು ಚುಕ್ಕೆ ಬಿಡುತ್ತದೆ, ಅದೂ ಸರಿಯಾಗಿ ಎದೆಯ ಭಾಗ ಬರುವಲ್ಲಿ. ಗಂಜಿ ಇರುವುದರಿಂದ ಬೂಷ್ಟು ಬೇರೆ. ಕಣ ಬಂದ ದಿನವೇ ಪಿನ್ನು ಕಿತ್ತು, ಕವರ್ ತೆಗೆದು, ಗಾಳಿಯಾಡುವ ಕಡೆ ಇಡಬೇಕು. ಆದರೆ ಕವರ್ ತೆಗೆದರೆ ಅದು ಹಳೆ ಕಣವಾಗುತ್ತದೆ, ಹಳೆ ಕಣ ದಾಟಿಸುವ ಹಾಗಿಲ್ಲ. ಬಟ್ಟೆಯನ್ನು ಉಳಿಸಿದರೆ ಉಡುಗೊರೆ ಸಾಯುತ್ತದೆ, ಉಡುಗೊರೆ ಉಳಿಸಿದರೆ ಬಟ್ಟೆ. ನಮ್ಮ ಮನೆಗಳು ಯಾವುದನ್ನು ಆರಿಸಿಕೊಂಡಿವೆ ಎಂದು ಬೀರು ತೆಗೆದರೆ ಮೂಗಿಗೇ ತಿಳಿಯುತ್ತದೆ.

ಗುಳೇದಗುಡ್ಡದ ಕೈಮಗ್ಗದ ಖಣದ ಮಾತು ಬೇರೆ. ಅದರ ಅಂಚು ತೋಳಿಗೆ ಬರುವಂತೆ ಕತ್ತರಿಸಿದರೆ ನೋಡಲಿಕ್ಕೇ ಚಂದ. ಅದು ಬಾಗಿನಕ್ಕೆ ಬರುವುದಿಲ್ಲ. ಬಾಗಿನಕ್ಕೆ ಬರುವುದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಡಜನ್ ಲೆಕ್ಕದಲ್ಲಿ ಕೊಂಡದ್ದು, ಎರಡಂಕಿ ಬೆಲೆಯದ್ದು. ಅದನ್ನು ಹೊಲಿಸಲು ಮೂರಂಕಿ ಕೂಲಿ, ಲೈನಿಂಗಿಗೆ ಬೇರೆ, ಹುಕ್ಕಿಗೆ ಬೇರೆ. ದಾನ ಪಡೆದವಳು ದಾನದ ಹಲವು ಪಟ್ಟು ಕೈಯಿಂದ ಹಾಕಿದರೆ ಮಾತ್ರ ದಾನ ಮೈಗೆ ಬರುತ್ತದೆ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಾಗುತ್ತದಲ್ಲ, ಅಲ್ಲಿ ಉಡಿ ತುಂಬಲು ಹೋಗುವ ಕಣಗಳಿಗೆ ಒಂದಿಷ್ಟು ಮುಕ್ತಿ ಸಿಕ್ಕೀತು ಎಂದುಕೊಳ್ಳಬಹುದು. ದೇವರಿಗೂ ರಾಶಿ ಹಾಕಿಕೊಂಡು ಏನು ಮಾಡುವುದು? ಎಷ್ಟೋ ದೇವಸ್ಥಾನಗಳಲ್ಲಿ ಉಡಿಯ ಸೀರೆ ಕಣಗಳನ್ನು ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಹಿಡಿದವರು ಅಂಗಡಿಗೆ ಹಾಕುತ್ತಾರೆ. ಮುಂದಿನದು ಗೊತ್ತೇ ಇದೆ.

ಇದೆಲ್ಲ ಹಳೆಯ ಕಾಲದವರ ಹುಚ್ಚು, ನಾವು ಉಪಯೋಗಕ್ಕೆ ಬರುವುದನ್ನೇ ಕೊಡುತ್ತೇವೆ ಎಂದು ಹೊರಟವರು ವಿದೇಶದ ಮಕ್ಕಳು. ಅಮ್ಮ ಕೌದಿ ಹೊಲಿಯುತ್ತಿದ್ದಳು ಎಂಬ ನೆನಪಿನ ಮೇಲೆ ದೀಪಾವಳಿಗೆ ಒಂದು ಪೆಟ್ಟಿಗೆ ಬರುತ್ತದೆ. ಒಳಗೆ ಕ್ವಿಲ್ಟಿಂಗ್ ಕಲಿಸುವ ದಪ್ಪ ಪುಸ್ತಕ, 45 ಮಿ.ಮೀ. ಚಕ್ರದ ರೋಟರಿ ಕಟರ್, ಫ್ಯಾಟ್ ಕ್ವಾರ್ಟರ್ ಎಂಬ 18 ಬೈ 22 ಇಂಚಿನ ತುಂಡುಗಳು, ಜೆಲ್ಲಿ ರೋಲ್ ಎಂಬ ಸುತ್ತಿದ ಪಟ್ಟಿಗಳು. ಕಟರ್ ಜೊತೆ ಮ್ಯಾಟ್ ಇರುವುದಿಲ್ಲ, ಅದು ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲ. ಮ್ಯಾಟ್ ಇಲ್ಲದೆ ಜಗಲಿಯ ಸಿಮೆಂಟಿನ ಮೇಲೆ ಓಡಿಸಿದರೆ ಚಕ್ರದ ಅಲಗು ಅವತ್ತೇ ಮೊಂಡು. ಪೆಟ್ಟಿಗೆಯಲ್ಲಿದ್ದ ಫ್ಯಾಟ್ ಕ್ವಾರ್ಟರ್‌ಗಿಂತ ಬೀರುವಿನಲ್ಲಿರುವ ಒಂದು ಕಣ ವಿಸ್ತಾರದಲ್ಲಿ ಸುಮಾರು ಎರಡೂಮುಕ್ಕಾಲು ಪಟ್ಟು ದೊಡ್ಡದು ಎಂಬ ಲೆಕ್ಕವನ್ನು ಅಮ್ಮ ಮನಸ್ಸಿನಲ್ಲೇ ಮಾಡಿ ಸುಮ್ಮನಾಗುತ್ತಾಳೆ.

ಜೆಲ್ಲಿ ರೋಲ್ ಎಂದರೆ ಎರಡೂವರೆ ಇಂಚು ಅಗಲದ, ಬಟ್ಟೆಯ ಪನ್ನದಷ್ಟು ಉದ್ದದ ಸುಮಾರು 40 ಪಟ್ಟಿ. ತೀರಾ ಸುಲಭದ ವಿಧಾನ ಹೀಗೆ. ಎಲ್ಲವನ್ನೂ ತುದಿಗೆ ತುದಿ ಕೂಡಿಸಿ ಒಂದೇ ಉದ್ದ ಪಟ್ಟಿ ಮಾಡುವುದು, ಪಟ್ಟಿಗೆ 42 ಇಂಚೆಂದರೂ ಸುಮಾರು 140 ಅಡಿ. ಅದನ್ನು ಅರ್ಧಕ್ಕೆ ಮಡಿಸಿ ಉದ್ದುದ್ದ ಹೊಲಿಯುವುದು, ಮತ್ತೆ ಅರ್ಧ, ಮತ್ತೆ ಅರ್ಧ. ಐದು ಸಲವಾದರೆ 32 ಸಾಲು. ಹೊಲಿಗೆಗೆ ಎರಡೂ ಬದಿ ಕಾಲಿಂಚು ಹೋಗಿ ಸಾಲಿಗೆ 2 ಇಂಚು ಉಳಿದು 64 ಇಂಚು ಉದ್ದ, 52 ಇಂಚಿನ ಆಸುಪಾಸು ಅಗಲ. ಕೇಳಲು ಚಂದ. ಮೊದಲನೆಯ ಹೊಲಿಗೆಯೇ 70 ಅಡಿ. ಪಟ್ಟಿ ನಡುಮನೆಯಿಂದ ಜಗಲಿ ದಾಟಿ ಅಂಗಳಕ್ಕಿಳಿದು ನಾಯಿಯ ವಶವಾಗುತ್ತದೆ. ಮಡಿಕೆಯ ಹತ್ತಿರ ಪಟ್ಟಿ ಒಂದು ಸಲ ತಿರುಚಿಕೊಂಡಿದ್ದರೆ ಗೊತ್ತಾಗುವುದು 60 ಅಡಿ ಹೊಲಿದ ಮೇಲೆ, ಬಾಬಿನ್ ದಾರ ಮುಗಿದದ್ದು ಗೊತ್ತಾಗುವುದು ಅದಕ್ಕೂ ತಡವಾಗಿ. ಹೊಲಿದದ್ದು ಮೇಲಿನ ಹೊದಿಕೆ ಮಾತ್ರ. ಹಿಂಬದಿ ಬಟ್ಟೆಯಾಗಲಿ ನಡುವೆ ಹಾಸುವ ಬ್ಯಾಟಿಂಗಾಗಲಿ ಪೆಟ್ಟಿಗೆಯಲ್ಲಿಲ್ಲ. ಇದ್ದರೂ ದಪ್ಪ ಬ್ಯಾಟಿಂಗ್ ಹಾಕಿದ್ದನ್ನು ಆಗುಂಬೆಯಲ್ಲಿ ಆಷಾಢದಲ್ಲಿ ಒಗೆದರೆ ಒಣಗುವುದು ದೀಪಾವಳಿಗೆ, ದೀಪ ಹಿಡಿದು ಹಾಡುತ್ತ ಅಂಟಿಗೆ ಪಂಟಿಗೆಯವರು ಮನೆಮನೆಗೆ ಬರುವ ಹೊತ್ತಿಗೆ.

ಕೌದಿಯಲ್ಲಿ ಬ್ಯಾಟಿಂಗ್ ಇಲ್ಲದಿರುವುದು ಬಡತನದಿಂದ ಮಾತ್ರ ಅಲ್ಲ. ಉಟ್ಟು ಹಳತಾದ ಹತ್ತಿ ಸೀರೆ ಕುಗ್ಗುವುದೆಲ್ಲ ಕುಗ್ಗಿ, ಬಣ್ಣ ಬಿಡುವುದೆಲ್ಲ ಬಿಟ್ಟು ಮುಗಿಸಿರುತ್ತದೆ. ಅಂಥ ಎರಡು ಮೂರು ಸೀರೆ ಪದರ ಹಾಕಿ, ಬೆರಳಂತರದಲ್ಲಿ ಓಡುಹೊಲಿಗೆ ಹಾಕುತ್ತ ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬಂದರೆ ಒಗೆತಕ್ಕೆ ಪದರ ಜರುಗುವುದಿಲ್ಲ, ತೆಳ್ಳಗಿರುವುದರಿಂದ ಅಟ್ಟದ ಹೊಗೆಯಲ್ಲೂ ಒಣಗುತ್ತದೆ. ಅದಕ್ಕೆ ಬೀರುವಿನ ಪಾಲಿಯೆಸ್ಟರ್ ಕಣದ ತುಂಡು ಹಚ್ಚಿದಿರೋ, ಕೆಟ್ಟಿತು. ಹತ್ತಿ ಹೀರುತ್ತದೆ, ಪಾಲಿಯೆಸ್ಟರ್ ಹೀರದು. ಹೊಸ ಹತ್ತಿ ಕಣ ಹಚ್ಚಿದರೆ ಅದು ಕುಗ್ಗುತ್ತದೆ, ಹಳೆ ಸೀರೆ ಕುಗ್ಗದು. ನಾಲ್ಕು ಒಗೆತಕ್ಕೆ ಮೈಯೆಲ್ಲ ಸುಕ್ಕು. ಬಚ್ಚಲ ಒಲೆಯ ಕಿಡಿ ಹಾರಿದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ, ಇದು ತಮಾಷೆಯ ಮಾತಲ್ಲ. ಈಗ ಮನೆಗಳಲ್ಲಿ ಹಳೆ ಹತ್ತಿ ಸೀರೆಯೇ ಇಲ್ಲ. ಉಡುಗೊರೆಯ ಸೀರೆಯೂ ಕಣದ ಜಾತಿಯದ್ದೇ.

ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಹೀಗೇ: ಮೂಲೆಯಿಂದ ಶುರುವಾಗಿ, ಅಂಚು ಹಿಡಿದು ಸುತ್ತುತ್ತ ನಡುವಿಗೆ, ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಫೂಲ, ಅಂದರೆ ಹೂವು, ಇರಲೇಬೇಕು. ಆ ಕವಂದಿಗಳು ಅಮೆರಿಕದ ಸಂಗ್ರಹಾಲಯಗಳಲ್ಲಿ ಪ್ರದರ್ಶನ ಕಂಡಿವೆ. ಇಲ್ಲಿಂದ ಹೊದಿಕೆ ಅಲ್ಲಿಗೆ ಹೋಗಿ ಗೋಡೆ ಏರಿತು, ಅಲ್ಲಿಂದ ಹೊದಿಕೆ ಹೊಲಿಯುವುದು ಹೇಗೆಂಬ ಪುಸ್ತಕ ಇಲ್ಲಿಗೆ ಬಂದು ಟೀಪಾಯಿ ಏರಿತು. ಚಳಿ ಮಾತ್ರ ಹೊರಗೇ ಉಳಿಯಿತು ಎನ್ನುವ ಹಾಗಿಲ್ಲ.

ವೇದಿಕೆಯ ಉಡುಗೊರೆಯನ್ನು ಬಿಟ್ಟರೆ ಅನ್ಯಾಯವಾದೀತು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದ್ದಾನೆ. ತರಬೇತಿಯ ಜೊತೆಗೆ ಉಪಕರಣಕ್ಕೆ 15,000 ರೂಪಾಯಿಯ ವೋಚರ್. ಕಾಗದದ ಮೇಲೆ ಇದು ಸರಿಯಾದ ದಾರಿ, ಬೇಕಾದವರು ಬೇಕಾದದ್ದು ಕೊಳ್ಳಬಹುದು. ಆದರೆ ವೋಚರಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಾಗುವುದಿಲ್ಲವಲ್ಲ? ಹಾಗಾಗಿ ಚುನಾವಣೆ ಹತ್ತಿರ ಬಂದಾಗ ಶಾಮಿಯಾನದ ಕೆಳಗೆ ಕಪ್ಪು ಹೊಲಿಗೆ ಯಂತ್ರಗಳು ಸಾಲಾಗಿ ಬಂದು ನಿಲ್ಲುತ್ತವೆ. ಒಂದು ಯಂತ್ರದ ಮೇಲೆ ಎಂಟು ಕೈ. ಒಂದು ಪಡೆದವಳದ್ದು, ಏಳು ಕೊಟ್ಟವರದ್ದು. ಮನೆಗೆ ತಂದು ನೋಡಿದರೆ ಬಾಬಿನ್ ಕೇಸ್ ಇಲ್ಲ, ಸೂಜಿ ತಿರುಗಾಮುರುಗಾ. ಸೂಜಿಯ ಮೈಮೇಲಿನ ಉದ್ದ ಗೀರು ಯಾವ ಕಡೆಯಿಂದ ದಾರ ಪೋಣಿಸುತ್ತೀರೋ ಆ ಕಡೆಗಿರಬೇಕು, ಇಲ್ಲದಿದ್ದರೆ ಹೊಲಿಗೆ ಹಾರುತ್ತದೆ, ದಾರ ಹರಿಯುತ್ತದೆ. ಮಳೆ ಶುರುವಾದೊಡನೆ ಚರ್ಮದ ಬೆಲ್ಟ್ ತೇವಕ್ಕೆ ಹಿಗ್ಗಿ, ಕೆಳಗಿನ ಚಕ್ರ ತಿರುಗಿದರೂ ಮೇಲಿನದು ತಿರುಗುವುದಿಲ್ಲ. ಅರ್ಧ ಇಂಚು ಕತ್ತರಿಸಿ, ಹೊಸ ತೂತು ಹೊಡೆದು, ಕ್ಲಿಪ್ ಹಾಕಿ ಬಿಗಿ ಮಾಡಬೇಕು. ಯಂತ್ರದೆಣ್ಣೆ ಇಲ್ಲವೆಂದು ಕೊಬ್ಬರಿ ಎಣ್ಣೆ ಬಿಟ್ಟರೆ ಧನುರ್ಮಾಸದ ಬೆಳಿಗ್ಗೆ ಅದು ಹೆಪ್ಪುಗಟ್ಟಿ ಚಕ್ರ ಅಲುಗುವುದಿಲ್ಲ. ಯಂತ್ರಕ್ಕೆ ವೇದಿಕೆ ಇದೆ, ಬೆಲ್ಟಿಗೆ ಇಲ್ಲ. ಎರಡನೇ ವರ್ಷಕ್ಕೆ ಅದರ ಮೇಲೆ ಕಸೂತಿ ಹೊದಿಕೆ ಬಿದ್ದು, ಹೊದಿಕೆಯ ಮೇಲೆ ಬಾಗಿನದ ಕಣಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ.

ಹಾಗಾದರೆ ಹೊಲಿಯುವವಳಿಗೆ ಏನು ಬೇಕು ಎಂದು ಕೇಳುತ್ತೀರಾ? ಕೇಳಿದವರು ಕಡಿಮೆ. 11, 14, 16ನೇ ನಂಬರಿನ ಸೂಜಿಯ ಒಂದೊಂದು ಪ್ಯಾಕೆಟ್, ಅರ್ಧ ಡಜನ್ ಬಾಬಿನ್, ತೆಳು ಯಂತ್ರದೆಣ್ಣೆಯ ಸೀಸೆ, ಬೆಲ್ಟ್, ಸಾಣೆ ಹಿಡಿದ ಕತ್ತರಿ, ಕಪ್ಪು ಬಿಳಿ ದಾರ, ಒಗೆದು ಕುಗ್ಗಿಸಿದ 2 ಮೀಟರ್ ಬಿಳಿ ಹತ್ತಿ ಲೈನಿಂಗ್. ಹತ್ತು ಮನೆಯ ಕಣದ ದುಡ್ಡು ಕೂಡಿಸಿದರೆ ಮುಕ್ಕಾಲುಪಾಲು ಬರುತ್ತದೆ.

ಬಾಗಿನದಲ್ಲಿ ಇಡಿ ನೋಡುವ. ಸೂಜಿ ಕೈಯಿಂದ ಕೈಗೆ ಕೊಟ್ಟರೆ ಜಗಳ, ದೀಪ ಹಚ್ಚಿದ ಮೇಲಂತೂ ಎರವಲೂ ಇಲ್ಲ. ಕತ್ತರಿ ಕೊಟ್ಟರೆ ಸಂಬಂಧ ಕತ್ತರಿಸುತ್ತದೆ. ಎಣ್ಣೆ, ಕಬ್ಬಿಣ ಎರಡೂ ಶನಿಯ ಬಾಬತ್ತು. ಬೆಲ್ಟ್ ಚರ್ಮದ್ದು, ಗೌರಿಯ ಎದುರು ಇಡುವ ಹಾಗಿಲ್ಲ. ಕಪ್ಪು ದಾರ ದೃಷ್ಟಿಗೆ. ಬಿಳಿ ಬಟ್ಟೆಯನ್ನು ಮುತ್ತೈದೆಗೆ ಕೊಡುವುದೇ? ಶಿವ ಶಿವ! ಅಡ್ಡಿ ಇಲ್ಲದ್ದು ಅಳತೆ ಟೇಪು ಒಂದೇ, ಹಳದಿ ಬಣ್ಣದ್ದು ಸಿಗುತ್ತದೆ, ಮಂಗಳಕರ. ಆದರೆ ಅದನ್ನು ಕೊಟ್ಟರೆ ಅವಳು ಮೊದಲು ಅಳೆಯುವುದು ಅದರ ಜೊತೆ ಕೊಟ್ಟ ಕಣವನ್ನು.