ಮೊದಲು ತ್ರಿಭುಜ ಕೊಡಿ, ವ್ಯಾಖ್ಯೆ ಆಮೇಲೆ

ಎಂ.ಎಸ್ಸಿ. ಮೊದಲ ಸೆಮಿಸ್ಟರಿನ ಆಲ್ಜೀಬ್ರಾ ಪೇಪರಿನಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಗ್ರೂಪ್ (ಒಂದರ ನಂತರ ಒಂದು ಮಾಡಬಹುದಾದ, ಮಾಡಿದ್ದನ್ನು ವಾಪಸ್ ಮಾಡಬಹುದಾದ ಚಲನೆಗಳಂಥವುಗಳ ಕೂಟ) ಬಗೆಗಿನ ಲಗ್ರಾಂಜ್ ಪ್ರಮೇಯವನ್ನು ಒಂದು ಸಾಲೂ ಬಿಡದೆ ಬರೆದಿದ್ದೆ. ಆದರೆ ನಾರ್ಮಲ್ ಸಬ್‌ಗ್ರೂಪ್ (ಗ್ರೂಪಿನೊಳಗಿನ ಒಂದು ವಿಶೇಷ ಥರದ ಚಿಕ್ಕ ಗ್ರೂಪ್) ಅನ್ನೋದು ಯಾಕೆ ಬೇಕು ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಉತ್ತರ ಸಿಕ್ಕಿದ್ದು ಹಾಸ್ಟೆಲಿನಲ್ಲಿ. ಸೀನಿಯರ್ ಅಕ್ಕ ಒಬ್ಬರು ಹಳೇ ಲಗ್ನಪತ್ರಿಕೆ ಕತ್ತರಿಸಿ ಸಮಬಾಹು ತ್ರಿಭುಜ ಮಾಡಿದರು. ಮೂಲೆಗಳಿಗೆ ಮೇಲಿನಿಂದ ಬಲಕ್ಕೆ 1, 2, 3 ಅಂತ ಎರಡೂ ಕಡೆ ಬರೆದರು. 'ಇದನ್ನ ಎತ್ತಿ ಮತ್ತೆ ಅದೇ ಜಾಗಕ್ಕೆ ಎಷ್ಟು ಥರ ಕೂರಿಸಬಹುದು ನೋಡು' ಅಂದರು. ಆರು ಥರ. ಸುಮ್ನೆ ಬಿಡುವುದು ಒಂದು, ತಿರುಗಿಸುವುದು ಎರಡು, ದೋಸೆಯ ಹಾಗೆ ಮಗುಚುವುದು ಮೂರು.

ಬಲಕ್ಕೆ ಒಂದು ಸಲ ತಿರುಗಿಸಿ, ಆಮೇಲೆ ಎಡ ಬಲ ಮೂಲೆಗಳು ಅದಲುಬದಲಾಗುವಂತೆ ಮಗುಚಿದೆ. ಮೇಲೆ 3 ಬಂತು. ಮೊದಲು ಮಗುಚಿ ಆಮೇಲೆ ತಿರುಗಿಸಿದೆ, ಮೇಲೆ 2 ಬಂತು. ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ ಅನ್ನೋದನ್ನು ಅವತ್ತು ಕಣ್ಣಾರೆ ಕಂಡೆ.

ಆಮೇಲೆ ಕೋಸೆಟ್, ಅಂದರೆ ಸಬ್‌ಗ್ರೂಪಿನ ಪ್ರತಿ ಸದಸ್ಯನಿಗೂ ಒಂದೇ ಚಲನೆಯನ್ನು ಎಡದಿಂದಲೋ ಬಲದಿಂದಲೋ ಸೇರಿಸಿದಾಗ ಸಿಗುವ ಗುಂಪು. 'ಸುಮ್ನೆ ಬಿಡು' ಮತ್ತು ಒಂದು ಮಗುಚು, ಇವೆರಡನ್ನೇ ಸಬ್‌ಗ್ರೂಪ್ ಅಂತ ಹಿಡಿದರೆ ಆರೂ ಚಲನೆಗಳು ಮೂರು ಜೋಡಿಯಾಗುತ್ತವೆ. ಎಡದಿಂದ ಮಾಡಿದ ಜೋಡಿಗಳೇ ಬೇರೆ, ಬಲದಿಂದ ಮಾಡಿದ್ದೇ ಬೇರೆ. ಜೋಡಿಗೆ ಜೋಡಿ ಗುಣಿಸಲು (ಅಂದರೆ ಒಂದರ ನಂತರ ಇನ್ನೊಂದು ಮಾಡಲು) ಹೋದರೆ, ಯಾವ ಸದಸ್ಯನನ್ನು ಎತ್ತಿಕೊಂಡಿರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಲೆಕ್ಕ ಕೂರುವುದೇ ಇಲ್ಲ. ಅದೇ ತಿರುಗಿಸುವ ಮೂರನ್ನು (ಸುಮ್ನೆ ಬಿಡುವುದೂ ಸೇರಿ) ಒಂದು ಗುಂಪು ಮಾಡಿ, ಮಗುಚುವ ಮೂರು ಇನ್ನೊಂದು ಗುಂಪಾಗುತ್ತದೆ. ಎಡ ಬಲ ಎರಡೂ ಒಂದೇ. ಎರಡು ಸಲ ಮಗುಚಿದರೆ ತಿರುಗಿಸಿದ ಹಾಗೆ, ಮಗುಚಿ ತಿರುಗಿಸಿದರೆ ಮಗುಚಿದ ಹಾಗೆ. ಸಮ ಬೆಸ ಸಂಖ್ಯೆ ಕೂಡುವ ಲೆಕ್ಕವೇ ಅಲ್ವಾ? ಹೀಗೆ ಕೋಸೆಟ್‌ಗಳೇ ಸದಸ್ಯರಾಗಿ ಆಗುವ ಹೊಸ ಗ್ರೂಪೇ ಕೋಷೆಂಟ್ ಗ್ರೂಪ್. ನಾರ್ಮಲ್ ಅನ್ನೋ ಷರತ್ತು, ಅಂದರೆ ಎಡ ಬಲ ಎರಡೂ ಒಂದೇ ಆಗಬೇಕು ಅನ್ನೋದು, ಇರುವುದೂ ಇದಕ್ಕೇ.

ಇತಿಹಾಸ ಓದಿದಾಗ ಇನ್ನೂ ಆಶ್ಚರ್ಯವಾಯಿತು. 1832ರ ಮೇ 29ರ ರಾತ್ರಿ, ದ್ವಂದ್ವಯುದ್ಧದ ಹಿಂದಿನ ದಿನ, ಇಪ್ಪತ್ತು ವರ್ಷದ ಫ್ರೆಂಚ್ ಗಣಿತಜ್ಞ ಗಾಲ್ವಾ ತನ್ನ ಗೆಳೆಯ ಶೆವಾಲಿಯೆಗೆ ಬರೆದ ಪತ್ರದಲ್ಲಿ ಇದೇ ಮಾತಿದೆ. ಗ್ರೂಪನ್ನು ಎರಡು ರೀತಿಯಲ್ಲಿ ಒಡೆಯಬಹುದು, ಎರಡೂ ಒಂದೇ ಆಗುವ ಸಂದರ್ಭವೇ ಮುಖ್ಯ ಅಂತ. ನಾವು ಮೊದಲ ದಿನ ಬೋರ್ಡಿನಿಂದ ಬರೆದುಕೊಳ್ಳುವ, ಗ್ರೂಪಿನ ವ್ಯಾಖ್ಯೆಯ ನಾಲ್ಕು ನಿಯಮಗಳು ಆಗ ಇರಲೇ ಇಲ್ಲ. ಇಂಗ್ಲೆಂಡಿನ ಗಣಿತಜ್ಞ ಕೇಲಿ ಅತ್ತ ಕಡೆ ಹೆಜ್ಜೆ ಇಟ್ಟಿದ್ದು 1854ರಲ್ಲಿ. ಈಗಿನ ರೂಪದ ವ್ಯಾಖ್ಯೆ ಬಂದಿದ್ದು 1882ರ ಸುಮಾರಿಗೆ. ಅಷ್ಟರಲ್ಲಿ, ಗಣಿತಜ್ಞ ಲಗ್ರಾಂಜ್ ಸಮೀಕರಣದ ಮೂಲಗಳನ್ನು (ಅದರ ಉತ್ತರಗಳನ್ನು) ಅದಲುಬದಲು ಮಾಡಿ ನೋಡಿದ ಮೇಲೆ ನೂರು ವರ್ಷಕ್ಕೂ ಜಾಸ್ತಿ ಕಳೆದಿತ್ತು.

ಅಷ್ಟು ಜನ ಅಷ್ಟು ವರ್ಷ ಕೆಲಸ ಮಾಡಿ ಕೊನೆಗೆ ತಲುಪಿದ ಜಾಗದಿಂದ ನಮ್ಮ ಮಕ್ಕಳು ಶುರು ಮಾಡುತ್ತಾರೆ. ಕನ್ನಡ ಮೀಡಿಯಮ್ಮಿನಿಂದ ಬಂದವರಿಗೆ ಇಂಗ್ಲಿಷಿನ ಭಾರವೂ ಸೇರುತ್ತದೆ. ಅರ್ಥವಾಗದೆ ಬಾಯಿಪಾಠಕ್ಕೆ ಇಳಿದರೆ ಅದು ಅವರ ತಪ್ಪಲ್ಲ. ವ್ಯಾಖ್ಯೆ ಬೇಡ ಅಂತ ನಾನು ಹೇಳುತ್ತಿಲ್ಲ, ಅದಿಲ್ಲದೆ ಪ್ರಮೇಯ ಸಾಧಿಸಲು ಆಗುವುದಿಲ್ಲ. ಸಿಲಬಸ್ ಮುಗಿಸುವ ಅವಸರವೂ ಗೊತ್ತು. ಆದರೂ ಮೊದಲ ವಾರದಲ್ಲಿ ಎರಡು ಗಂಟೆ ಸಾಕು. ಒಂದೊಂದು ರಟ್ಟಿನ ತ್ರಿಭುಜ, ಒಂದು ಪೆನ್ನು, ಆರು ಅಡ್ಡಸಾಲು ಆರು ಉದ್ದಸಾಲಿನ ಖಾಲಿ ಕೋಷ್ಟಕ ಕೊಡಿ. ಯಾವ ಚಲನೆಯ ನಂತರ ಯಾವುದು ಮಾಡಿದರೆ ಏನು ಬರುತ್ತದೆ ಅಂತ ಅದನ್ನು ಅವರೇ ತುಂಬಲಿ.