‘ಬರಲ್ಲ’ ಅನ್ನುವವನೊಬ್ಬ ಬೇಕು

ಕಥೆಗಳಲ್ಲಿ, ಸಿನಿಮಾಗಳಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ಘಟ್ಟ ಇದೆ. ಚದುರಿಹೋದ ತಂಡವನ್ನು ಮತ್ತೆ ಒಟ್ಟು ಮಾಡುವ ಭಾಗ. ಹಳೇ ನಾಯಕ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುತ್ತಾನೆ. ಒಬ್ಬ ಗ್ಯಾರೇಜಿನಲ್ಲಿ ಗಾಡಿ ಕೆಳಗೆ ಮಲಗಿರುತ್ತಾನೆ, ಕಾಲು ಮಾತ್ರ ಕಾಣುತ್ತದೆ. ಇನ್ನೊಬ್ಬಳು ಮಕ್ಕಳಿಗೆ ಕರಾಟೆ ಹೇಳಿಕೊಡುತ್ತಿರುತ್ತಾಳೆ. ಮತ್ತೊಬ್ಬ ಬಾರಿನ ಮೂಲೆಯಲ್ಲಿ ಗಡ್ಡ ಬಿಟ್ಟುಕೊಂಡು ಕೂತಿರುತ್ತಾನೆ. ಹಿನ್ನೆಲೆ ಸಂಗೀತ ಮೆಲ್ಲಗೆ ಏರುತ್ತದೆ. ಮುಂದೇನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೂ ಮೈ ಜುಮ್ ಅನ್ನುತ್ತದೆ.

ಎಷ್ಟೋ ಸಲ ಆಮೇಲೆ ಬರುವ ಯುದ್ಧಕ್ಕಿಂತ, ದರೋಡೆಗಿಂತ ಈ ಭಾಗವೇ ಚೆನ್ನಾಗಿರುತ್ತದೆ. ಯುದ್ಧದಲ್ಲಿ ಎಲ್ಲರೂ ಒಂದೇ ಥರ ಓಡುತ್ತಾರೆ, ಒಂದೇ ಥರ ಕೂಗುತ್ತಾರೆ. ಇಲ್ಲಾದರೆ ಒಬ್ಬೊಬ್ಬರಿಗೂ ಒಂದೊಂದು ಮನೆ, ಒಂದೊಂದು ಗೋಳು.

ಈಚೆಗೆ ಮಾತ್ರ ಇಂಥ ದೃಶ್ಯಗಳು ಸಪ್ಪೆ ಅನ್ನಿಸುತ್ತಿವೆ. ಯಾಕೆ ಅಂದರೆ ಕರೆದವರೆಲ್ಲ ಬಂದುಬಿಡುತ್ತಾರೆ. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಹೆಸರು ಹೇಳಿದ ಕೂಡಲೇ ಎದ್ದು ನಿಲ್ಲುತ್ತಾರೆ. ಕೆಲವರು ಮೊದಲು ‘ಬರಲ್ಲ’ ಅನ್ನುತ್ತಾರೆ ನಿಜ. ‘ಅದನ್ನೆಲ್ಲ ಬಿಟ್ಟು ತುಂಬಾ ದಿನ ಆಯ್ತು’ ಅಂತ ಮುಖದ ಮೇಲೆ ಬಾಗಿಲು ಹಾಕುತ್ತಾರೆ. ಮುಂದಿನ ಶಾಟಿನಲ್ಲೇ ಹೆಗಲಿಗೆ ಬ್ಯಾಗ್ ಹಾಕಿಕೊಂಡು ರಸ್ತೆಯಲ್ಲಿ ನಿಂತಿರುತ್ತಾರೆ. ಅದು ಉಪಚಾರದ ‘ಬರಲ್ಲ’. ಬರೆದವರಿಗೂ ಅದರ ಮೇಲೆ ನಂಬಿಕೆ ಇಲ್ಲ, ನೋಡುವ ನಮಗೂ ಇಲ್ಲ.

ನನ್ನ ಪ್ರಕಾರ ಈ ದೃಶ್ಯಕ್ಕೆ ಜೀವ ಬರೋದು ಎದುರಿಗಿರುವವನಿಗೆ ನಿಜವಾಗಿಯೂ ‘ಬರಲ್ಲ’ ಅನ್ನುವ ಹಕ್ಕು ಇದ್ದಾಗ. ಹಕ್ಕು ಇದ್ದರೆ ಸಾಲದು, ಒಳ್ಳೇ ಕಾರಣವೂ ಇರಬೇಕು.

ಇದಕ್ಕೆ ನಮ್ಮಲ್ಲೇ ಇರುವ ದೊಡ್ಡ ಉದಾಹರಣೆ ಕುಮಾರವ್ಯಾಸನ ಉದ್ಯೋಗಪರ್ವ. ಹೆಚ್ಚಿನವರು ಅದನ್ನು ಸ್ಕೂಲಿನಲ್ಲಿ ಪರೀಕ್ಷೆಗೆ ಅಂತ ಓದಿ ಮರೆತಿರುತ್ತೇವೆ. ಸಂಧಾನ ಮುರಿದುಬಿದ್ದಿದೆ. ಯುದ್ಧ ಖಚಿತ. ಕೃಷ್ಣ ಹೊರಟಿದ್ದಾನೆ. ಹೋಗುವಾಗ ಕರ್ಣನನ್ನು ಕರೆದು, ‘ಮೈದುನತನದ ಸರಸ’ ಮಾಡುತ್ತಾ, ಬರಸೆಳೆದು ರಥದಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ. ಕರ್ಣನಿಗೆ ಗಾಬರಿ. ನಿಮ್ಮ ಸರಿಸಮ ಕೂರುವಷ್ಟು ದೊಡ್ಡವನೇ ನಾನು ಅನ್ನುತ್ತಾನೆ. ಕೃಷ್ಣ ಇನ್ನೂ ಹತ್ತಿರ ಸರಿಯುತ್ತಾನೆ. ಈ ಸರಿಯೋದನ್ನು ಗಮನಿಸಿ. ಜನ ಕೂಡಿಸಲು ಹೊರಟ ನಾಯಕರನ್ನು ಎಷ್ಟು ನೋಡಿದ್ದೇವೆ! ಇವನಷ್ಟು ನಾಜೂಕಾಗಿ ಕೆಲಸ ಶುರು ಮಾಡಿದವನು ನನಗಂತೂ ಬೇರೆ ನೆನಪಾಗುತ್ತಿಲ್ಲ.

ಆಮೇಲೆ ಗುಟ್ಟು ಬಿಚ್ಚುತ್ತಾನೆ. ನೀನು ಕುಂತಿಯ ಮೊದಲ ಮಗ, ಪಾಂಡವರ ಅಣ್ಣ, ರಾಜ್ಯ ನ್ಯಾಯವಾಗಿ ನಿನ್ನದೇ. ಎಡಗಡೆ ಕೌರವರು, ಬಲಗಡೆ ಪಾಂಡವರು, ಎದುರಿಗೆ ಮಾದ್ರ, ಮಾಗಧ, ಯಾದವರು, ನಡುವೆ ನೀನು ಅಂತ ಇಡೀ ಓಲಗವನ್ನು ಕಣ್ಣೆದುರಿಗೇ ಕಟ್ಟಿ ತೋರಿಸುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದರು. ಕರ್ಣನಿಗೆ ಗಂಟಲು ಕಟ್ಟುತ್ತದೆ, ಕಣ್ಣೀರು ನುಗ್ಗುತ್ತದೆ. ಅಯ್ಯೋ, ದುರ್ಯೋಧನನಿಗೆ ಕೇಡಾಯಿತಲ್ಲ ಅನ್ನೋದೇ ಅವನ ಮನಸ್ಸಿಗೆ ಬರುವ ಮೊದಲ ಮಾತು. ತಾಯಿ ಸಿಕ್ಕಳು, ತಮ್ಮಂದಿರು ಸಿಕ್ಕರು ಅನ್ನೋದಲ್ಲ. ತನ್ನನ್ನು ಸಾಕಿದವನ ಗತಿ ಏನು ಅನ್ನೋದು. ರಾಜ್ಯದ ಆಸೆಗೆ ಸೋಲುವವನು ನಾನಲ್ಲ ಅಂದುಬಿಡುತ್ತಾನೆ.

ಇದು ಅಪ್ಪಟ ‘ಬರಲ್ಲ’. ಇಲ್ಲಿ ಇನ್ನೊಂದು ಮಜಾ ಇದೆ. ಕೃಷ್ಣ ಸೋತನಾ? ಇಲ್ಲ. ಐವರು ವೀರರನ್ನು ನೋಯಿಸೋದಿಲ್ಲ ಅಂತ ಕರ್ಣನ ಬಾಯಿಂದಲೇ ಬರುತ್ತದೆ. ಆಳು ಬರಲಿಲ್ಲ, ಅವನ ಕೈ ಕಟ್ಟಿತು. ‘ಕೌರವೇಂದ್ರನ ಕೊಂದೆ ನೀನು’ ಅಂತ ಕರ್ಣ ಹೇಳೋದು ಸುಮ್ನೆ ಅಲ್ಲ. ಅವನಿಗೆ ಆಟ ಅರ್ಥವಾಗಿದೆ. ಅರ್ಥವಾದ ಮೇಲೂ ಅದರಿಂದ ತಪ್ಪಿಸಿಕೊಳ್ಳಲು ಆಗುತ್ತಿಲ್ಲ.

ಗ್ರೀಕರ ಹಳೇ ಕಥೆಗಳಲ್ಲಿ ಇದರ ತದ್ವಿರುದ್ಧದ್ದು ಸಿಗುತ್ತದೆ. ಟ್ರಾಯ್ ಯುದ್ಧಕ್ಕೆ ರಾಜರನ್ನೆಲ್ಲ ಕರೆಯಲು ಬಂದಾಗ ಒಡಿಸಿಯಸ್ ಅನ್ನುವ ರಾಜನಿಗೆ ಹೋಗಲು ಮನಸ್ಸಿಲ್ಲ. ಮನೆಯಲ್ಲಿ ಹೆಂಡತಿ, ಹಾಲುಗೂಸು. ಹುಚ್ಚನ ಹಾಗೆ ನಟಿಸುತ್ತಾನೆ. ಜೋಡಿಯಾಗದ ಪ್ರಾಣಿಗಳನ್ನು ನೇಗಿಲಿಗೆ ಕಟ್ಟಿ, ಬೀಜದ ಬದಲು ಉಪ್ಪು ಬಿತ್ತುತ್ತಾನೆ. ಪಲಮೀಡಿಸ್ ಎಂಬವನು ಮಗುವನ್ನು ತಂದು ನೇಗಿಲಿನ ಮುಂದೆ ಇಡುತ್ತಾನೆ. ಒಡಿಸಿಯಸ್ ನೇಗಿಲು ತಿರುಗಿಸುತ್ತಾನೆ. ಹುಚ್ಚು ಅಲ್ಲಿಗೆ ಬಿಟ್ಟಿತು.

ಹೀಗೆ ಸಿಕ್ಕಿಬಿದ್ದವನು ಆಮೇಲೆ ಮಾಡೋದೇನು? ಗ್ರೀಕರ ಮಹಾವೀರ ಅಖಿಲೀಸ್‌ನನ್ನು ಹಿಡಿಯಲು ತಾನೇ ಹೋಗುತ್ತಾನೆ. ಅಖಿಲೀಸ್ ಸ್ಕೈರಾಸ್ ದ್ವೀಪದಲ್ಲಿ ಹುಡುಗಿಯರ ನಡುವೆ ಹೆಣ್ಣುವೇಷದಲ್ಲಿ ಅಡಗಿರುತ್ತಾನೆ. ಒಡಿಸಿಯಸ್ ಒಡವೆ, ಬಟ್ಟೆಗಳ ನಡುವೆ ಆಯುಧ ಇಟ್ಟು ತೋರಿಸುತ್ತಾನೆ. ಆಯುಧಕ್ಕೆ ಕೈ ಹಾಕಿದವನೇ ಅಖಿಲೀಸ್. ತಾನು ಬಿದ್ದ ಹೊಂಡಕ್ಕೆ ಇನ್ನೊಬ್ಬನನ್ನೂ ಎಳೆಯುವ ಈ ಬುದ್ಧಿ ಇದೆಯಲ್ಲ, ನನಗೆ ಅದು ತುಂಬಾ ನಿಜ ಅನ್ನಿಸುತ್ತದೆ. ಇದೇ ಯುದ್ಧದ ಮೇಲಿನ ಹೋಮರನ ಮಹಾಕಾವ್ಯ ಇಲಿಯಡ್‌ನಲ್ಲಿ ಈ ಎರಡೂ ಪ್ರಸಂಗ ಇಲ್ಲ. ಅಲ್ಲಿ ಎರಡನೇ ಭಾಗದಲ್ಲಿ ಯಾರು ಎಷ್ಟು ಹಡಗು ತಂದರು ಅನ್ನುವ ಉದ್ದನೆಯ ಪಟ್ಟಿ ಇದೆ. ಕೂಡಿಸಿದರೆ 1,186 ಹಡಗು ಆಗುತ್ತದೆ. ಪಟ್ಟಿಗೆ ಅದರದೇ ಗತ್ತು ಇದೆ, ಒಪ್ಪುತ್ತೇನೆ. ಆದರೆ ಆ ಸಾವಿರ ಹಡಗಿಗಿಂತ ನೇಗಿಲ ಮುಂದಿನ ಒಂದು ಮಗು ನನಗೆ ಜಾಸ್ತಿ ನೆನಪಿರುತ್ತದೆ.

ಸಿನಿಮಾ ವಿಷಯಕ್ಕೆ ಬಂದರೆ ಜಪಾನಿನ ನಿರ್ದೇಶಕ ಕುರೊಸಾವಾ ಅವರ ಸೆವೆನ್ ಸಮುರಾಯ್ ಬಿಟ್ಟು ಮಾತಾಡಲು ಆಗಲ್ಲ. 1954ರ ಸಿನಿಮಾ. ಡಕಾಯಿತರಿಂದ ಊರು ಉಳಿಸಿಕೊಳ್ಳಲು ರೈತರು ಯೋಧರನ್ನು ಹುಡುಕಿಕೊಂಡು ಪಟ್ಟಣಕ್ಕೆ ಬಂದಿದ್ದಾರೆ. ಕೊಡಲು ಹೊಟ್ಟೆ ತುಂಬ ಅನ್ನ ಬಿಟ್ಟು ಬೇರೇನೂ ಇಲ್ಲ. ಕಾಂಬೇ ಅನ್ನುವ ಹಿರಿಯ ಸಮುರಾಯ್ ಮೊದಲು ಆಗಲ್ಲ ಅನ್ನುತ್ತಾನೆ. ಅವನ ಕಾರಣಗಳೆಲ್ಲ ಸರಿಯಾಗೇ ಇವೆ. ಇದು ಸಣ್ಣ ಕೆಲಸ ಅಲ್ಲ, ಏಳು ಜನ ಬೇಕು, ಯುದ್ಧ ಸಾಕಾಗಿದೆ, ವಯಸ್ಸಾಯಿತು. ಆಗ ಅದೇ ಛತ್ರದಲ್ಲಿದ್ದ ಕೂಲಿಯವನೊಬ್ಬ, ಅಲ್ಲಿಯವರೆಗೂ ರೈತರನ್ನು ಗೇಲಿ ಮಾಡುತ್ತಿದ್ದವನು, ಅನ್ನದ ಬಟ್ಟಲನ್ನು ಎತ್ತಿ ಹಿಡಿಯುತ್ತಾನೆ. ನಿಮಗೆ ಇದನ್ನು ಬಡಿಸಿ ಇವರು ಏನು ತಿನ್ನುತ್ತಿದ್ದಾರೆ ಗೊತ್ತಾ ಅನ್ನುತ್ತಾನೆ. ಅವರು ತಿನ್ನುತ್ತಿರೋದು ಅಗ್ಗದ ಕಾಳು. ಕಾಂಬೇ ಬಟ್ಟಲು ತೆಗೆದುಕೊಂಡು, ಈ ಅನ್ನವನ್ನು ವ್ಯರ್ಥ ಮಾಡಲ್ಲ ಅಂತ ಅಷ್ಟೇ ಹೇಳುತ್ತಾನೆ. ಅವನು ಹೇಳಿದ ಕಾರಣಗಳಲ್ಲಿ ಒಂದೂ ಸುಳ್ಳಾಗಿಲ್ಲ. ಎಲ್ಲವನ್ನೂ ಹೊತ್ತುಕೊಂಡೇ ಒಪ್ಪುತ್ತಾನೆ.

(ಅನ್ನ ಹಾಕಿ ಜನ ಸೇರಿಸೋದರಲ್ಲಿ ದುರ್ಯೋಧನನೂ ಕಮ್ಮಿ ಇಲ್ಲ. ಪಾಂಡವರ ಕಡೆಗೆ ಹೊರಟಿದ್ದ ಶಲ್ಯನಿಗೆ ದಾರಿಯುದ್ದಕ್ಕೂ ಸತ್ಕಾರ ಮಾಡಿಸುತ್ತಾನೆ. ಇದೆಲ್ಲ ಧರ್ಮರಾಯನದೇ ಏರ್ಪಾಡು ಅಂದುಕೊಂಡ ಶಲ್ಯ, ಇಷ್ಟು ಚೆನ್ನಾಗಿ ನೋಡಿಕೊಂಡವರಿಗೆ ಏನಾದರೂ ಕೊಡಬೇಕು ಅನ್ನುತ್ತಾನೆ. ದುರ್ಯೋಧನ ಎದುರಿಗೆ ಬಂದು ನಿಲ್ಲುತ್ತಾನೆ. ಮುಗಿಯಿತು. ಅಲ್ಲಿ ‘ಬರಲ್ಲ’ ಅನ್ನಲು ಜಾಗವೇ ಉಳಿದಿರಲಿಲ್ಲ.)

ಸಮುರಾಯ್‌ಗಳ ಆಯ್ಕೆಯಲ್ಲಿ ಇನ್ನೊಂದು ಸಣ್ಣ ಸಂಗತಿ. ಬಾಗಿಲ ಹಿಂದೆ ದೊಣ್ಣೆ ಹಿಡಿದು ಒಬ್ಬ ಹುಡುಗನನ್ನು ನಿಲ್ಲಿಸಿರುತ್ತಾರೆ, ಒಳಗೆ ಬರುವವನ ಚುರುಕು ಪರೀಕ್ಷೆ ಮಾಡಲು. ಮೊದಲು ಬಂದವನು ಏಟು ತಪ್ಪಿಸಿಕೊಳ್ಳುತ್ತಾನೆ. ಪಾಸ್. ಆದರೆ ಅವನಿಗೆ ಅವಮಾನವಾಗಿದೆ, ಮೇಲಾಗಿ ಕೆಲಸ ರೈತರದ್ದು. ನನ್ನ ಆಸೆಗಳು ದೊಡ್ಡವು ಅಂತ ಹೊರಟೇಹೋಗುತ್ತಾನೆ. ಅವನು ಮತ್ತೆ ಬರಲ್ಲ. ಎರಡನೆಯವನು ಗೊರೊಬೇ. ಹೊಸ್ತಿಲಲ್ಲೇ ನಿಂತು, ಇದೇನು ತಮಾಷೆ ಅಂತ ನಗುತ್ತಾನೆ. ಅವನು ಒಪ್ಪೋದು ರೈತರ ಮೇಲಿನ ಕನಿಕರಕ್ಕಿಂತ ಜಾಸ್ತಿ ಕಾಂಬೇ ಅನ್ನುವ ಮನುಷ್ಯ ಹಿಡಿಸಿದ್ದಕ್ಕೆ. ಮೊದಲನೆಯವನು ಎದ್ದುಹೋಗಿದ್ದಕ್ಕೇ ಎರಡನೆಯವನು ಉಳಿದದ್ದಕ್ಕೆ ತೂಕ ಬಂತು. ಈಗಿನವರು ಮೊದಲು ಕತ್ತರಿಸುವುದು ಆ ಎದ್ದುಹೋಗುವವನನ್ನೇ. ಸಮಯ ಉಳಿಯುತ್ತದೆ ಅಂತ.

ಇದುವರೆಗೆ ಹೇಳಿದ್ದು ಹೆಚ್ಚಾಗಿ ಹೊಸಬರನ್ನು ಸೇರಿಸುವ ಮಾತಾಯಿತು. ಒಮ್ಮೆ ಒಟ್ಟಿಗಿದ್ದು ಆಮೇಲೆ ಬೇರೆಯಾದವರ ವಿಷಯ ಇನ್ನೂ ಕಷ್ಟ. ಬೇರೆಯಾದ ಮೇಲೆ ಅವರೇನು ಫ್ರಿಜ್ಜಿನಲ್ಲಿ ಕೂತಿರಲ್ಲ ಅಲ್ವಾ? ಬದುಕು ಕಟ್ಟಿಕೊಂಡಿರುತ್ತಾರೆ. 1980ರ ಬ್ಲೂಸ್ ಬ್ರದರ್ಸ್ ಬರೀ ತಮಾಷೆಯ ಸಿನಿಮಾ, ಆದರೆ ಈ ವಿಷಯವನ್ನು ಅದರಷ್ಟು ಚೆನ್ನಾಗಿ ಹಿಡಿದದ್ದು ಕಡಿಮೆ. ಜೈಲಿನಿಂದ ಹೊರಬಂದ ಜೇಕ್, ತಮ್ಮ ಎಲ್ವುಡ್ ಜೊತೆ ಹಳೇ ಬ್ಯಾಂಡನ್ನು ಮತ್ತೆ ಕಟ್ಟಲು ಹೊರಡುತ್ತಾನೆ. ತಾವು ಬೆಳೆದ ಅನಾಥಾಶ್ರಮದ ತೆರಿಗೆಗೆ 5,000 ಡಾಲರ್ ಬೇಕು. ಟ್ರಂಪೆಟ್ ಊದುತ್ತಿದ್ದವನು ಈಗ ದುಬಾರಿ ರೆಸ್ಟೋರೆಂಟಿನಲ್ಲಿ ಸೂಟು ಹಾಕಿಕೊಂಡು ಅತಿಥಿಗಳನ್ನು ಕೂರಿಸುವ ಕೆಲಸದಲ್ಲಿದ್ದಾನೆ. ಬರಲ್ಲ ಅನ್ನುತ್ತಾನೆ. ಅಣ್ಣತಮ್ಮ ಅಲ್ಲೇ ಟೇಬಲ್ ಹಿಡಿದು, ಸುತ್ತಲಿನವರೆಲ್ಲ ಮುಖ ಸಿಂಡರಿಸುವಷ್ಟು ಅಸಹ್ಯವಾಗಿ ಆಡುತ್ತಾರೆ, ಅವನು ಹೂಂ ಅನ್ನುವವರೆಗೆ.

ಗಿಟಾರಿನವನ ಕಥೆ ಇನ್ನೂ ಚೆನ್ನಾಗಿದೆ. ಅವನು ಹೆಂಡತಿಯ ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದಾನೆ. ಆ ಹೆಂಡತಿಯ ಪಾತ್ರದಲ್ಲಿ ಹೆಸರಾಂತ ಗಾಯಕಿ ಅರೀಥಾ ಫ್ರಾಂಕ್ಲಿನ್! ಏಪ್ರನ್ ಕಟ್ಟಿಕೊಂಡೇ, ಏನು ಮಾಡುತ್ತಿದ್ದೀಯ ಸ್ವಲ್ಪ ಯೋಚಿಸು ಅಂತ ಗಂಡನಿಗೆ ಒಂದಿಡೀ ಹಾಡಿನಲ್ಲಿ ಹೇಳುತ್ತಾಳೆ. ಹಾಡು ಮುಗಿದ ಮೇಲೆ ಅವನು ಹೋಗೇಬಿಡುತ್ತಾನೆ. ತಂಡಕ್ಕೆ ಗಿಟಾರಿನವನು ಸಿಕ್ಕಿದ, ಹೋಟೆಲಿಗೆ ಅಡುಗೆಯವನು ಕಮ್ಮಿಯಾದ. ಕರೆಯಲು ಬಂದವರ ಹುರುಪೇ ಕಥೆಯ ಪೂರ್ತಿ ತುಂಬಿಕೊಂಡಾಗ, ಮನೆಯಲ್ಲಿ ಉಳಿದವರು ಏನಂದರು ಅಂತ ಯಾರೂ ಕೇಳಲ್ಲ. ಇಲ್ಲಿ ಕೇಳಿದ್ದಾರೆ, ಅದೂ ಇಡೀ ಸಿನಿಮಾದ ದೊಡ್ಡ ಗಂಟಲಿನಲ್ಲಿ.

ಎಲ್ಲರೂ ಬಂದರೂ ಚೆನ್ನಾಗಿರುವ ಸಿನಿಮಾ ಇಲ್ಲವಾ ಅಂದರೆ ಇದೆ. ದರೋಡೆಗೆ ತಂಡ ಕಟ್ಟುವ ಕಥೆಯ, 2001ರ ಓಷನ್ಸ್ ಇಲೆವೆನ್. ಹತ್ತು ಜನ ಸಾಕಲ್ವಾ ಅಂತ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಸುಮ್ಮನಿರುತ್ತಾನೆ. ಸರಿ, ಇನ್ನೊಬ್ಬನನ್ನು ಸೇರಿಸೋಣ ಅಂತ ಮೊದಲನೆಯವನೇ ಅಂದುಕೊಳ್ಳುತ್ತಾನೆ. ಅಲ್ಲಿ ಯಾರ ಬದುಕೂ ಮುಖ್ಯ ಅಲ್ಲ, ಕೈಚಳಕ ನೋಡೋದೇ ಖುಷಿ. ಹಾಗಿದ್ದರೆ ಹಾಗೇ ಇರಲಿ. ಕೈಚಳಕದ ಕಥೆಗೆ ಕಣ್ಣೀರಿನ ಹಿನ್ನೆಲೆ ಸಂಗೀತ ಹಾಕಿದಾಗ ಮಾತ್ರ ನನಗೆ ಸಿಟ್ಟು ಬರೋದು.

ಇನ್ನು ಯಾರೂ ಜಾಸ್ತಿ ಮಾತಾಡದ ಒಬ್ಬನ ಬಗ್ಗೆ ಹೇಳಿಬಿಡುತ್ತೇನೆ. ರುಕ್ಮಿ, ರುಕ್ಮಿಣಿಯ ಅಣ್ಣ. ಕುರುಕ್ಷೇತ್ರ ಯುದ್ಧಕ್ಕೆ ಮುಂಚೆ ದೊಡ್ಡ ಸೈನ್ಯ ಕಟ್ಟಿಕೊಂಡು, ಯಾರೂ ಕರೆಯದೆ ತಾನೇ ಪಾಂಡವರ ಪಾಳೆಯಕ್ಕೆ ಬರುತ್ತಾನೆ. ಹೆದರಿಕೆ ಆಗಿದ್ದರೆ ಹೇಳು, ನಾನಿದ್ದೇನೆ ಅಂತ ಅರ್ಜುನನಿಗೆ ಹೇಳುತ್ತಾನೆ. ಅರ್ಜುನ ನಕ್ಕು, ನನಗೇನೂ ಹೆದರಿಕೆ ಇಲ್ಲ, ಇದ್ದರೆ ಇರು, ಹೋದರೆ ಹೋಗು ಅನ್ನುತ್ತಾನೆ. ರುಕ್ಮಿ ನೇರವಾಗಿ ದುರ್ಯೋಧನನ ಹತ್ತಿರ ಹೋಗಿ ಅದನ್ನೇ ಹೇಳುತ್ತಾನೆ. ಅವನೂ ಬೇಡ ಅನ್ನುತ್ತಾನೆ. ಇಡೀ ದೇಶದ ರಾಜರೆಲ್ಲ ಯಾವುದೋ ಒಂದು ಕಡೆ ಸೇರಿದ ಯುದ್ಧದಿಂದ ಹೊರಗುಳಿದವರು ತೀರ್ಥಯಾತ್ರೆಗೆ ಹೋದ ಬಲರಾಮ ಮತ್ತು ಈ ರುಕ್ಮಿ. ಬಲರಾಮ ಬೇಡ ಅಂತ ಹೋದವನು. ರುಕ್ಮಿ ಬರುತ್ತೇನೆ ಬರುತ್ತೇನೆ ಅಂತ ಎರಡೂ ಬಾಗಿಲು ತಟ್ಟಿ, ಅಷ್ಟೂ ಸೈನ್ಯವನ್ನು ವಾಪಸ್ ಕರೆದುಕೊಂಡು ಹೋದವನು. ದಾರಿಯಲ್ಲಿ ಸೈನಿಕರಿಗೆ ಏನು ಹೇಳಿದ್ದಾನು? ಬರೆಯುವವರು ಯಾರಾದರೂ ಇದ್ದರೆ ಅವನ ಮೇಲೊಂದು ನಾಟಕ ಬರೆಯಿರಿ, ಮೊದಲ ಟಿಕೆಟ್ ನನ್ನದು.